ಹಂಡೆ ಬಿಸಿನೀರಿಗೆ ಮಾತ್ರ ಬಗ್ಗುವ ವಾಂತಿ

ಪ್ರಶ್ನೆ: ಡಾಕ್ಟ್ರೇ, ನಮ್ಮದು ತಿಪಟೂರಿನ ಹತ್ತಿರದ ಹಳ್ಳಿ. ಮಗನಿಗೆ 24 ವರ್ಷ. ಎರಡು ತಿಂಗಳಿಗೊಮ್ಮೆ ವಾಂತಿ ಶುರುವಾದರೆ ಮೂರು ದಿನ ನಿಲ್ಲುವುದಿಲ್ಲ. ಎಂಡೋಸ್ಕೋಪಿ, ಸ್ಕ್ಯಾನ್ ಎಲ್ಲ ಆಯಿತು, ಏನೂ ಸಿಗಲಿಲ್ಲ. ದೃಷ್ಟಿ ತೆಗೆಸಿದ್ದೂ ಆಯಿತು. ಬಿಸಿನೀರು ಹುಯ್ದುಕೊಂಡಾಗ ಮಾತ್ರ ಆರಾಮ ಅಂತಾನೆ. ಹಂಡೆ ಒಲೆಗೆ ಕಾಯಿಮಟ್ಟೆ ತುರುಕಿ ತುರುಕಿ ನನಗೆ ಸಾಕಾಗಿದೆ. ಮೊನ್ನೆ ಪ್ಯಾಂಟ್ ಒಗೆಯುವಾಗ ಗಾಂಜಾ ಪೊಟ್ಟಣ ಸಿಕ್ಕಿತು. ನಾಲ್ಕು ವರ್ಷದಿಂದ ದಿನಾ ಸೇದುತ್ತಾನಂತೆ. ‘ವಾಂತಿಗೆ ಅದೇ ಔಷಧಿ ಕಣಮ್ಮ’ ಅಂತಾನೆ. ನಿಜವಾ?

ಉತ್ತರ: ತಾಯಿ, ನಿಮ್ಮ ಪತ್ರ ಓದುತ್ತಾ ನಾನು ತಡೆದು ನಿಂತಿದ್ದು ಪೊಟ್ಟಣದ ಹತ್ತಿರ ಅಲ್ಲ, ಹಂಡೆಯ ಹತ್ತಿರ. ವರ್ಷಗಟ್ಟಲೆ ಗಾಂಜಾ ಸೇದುವ ಕೆಲವರಿಗೆ ಹೀಗೇ ಬಿಟ್ಟು ಬಿಟ್ಟು ವಾಂತಿ ಬರುತ್ತದೆ, ಹೊಟ್ಟೆ ನುಲಿಯುತ್ತದೆ, ಬಿಸಿನೀರಲ್ಲಿ ಮಾತ್ರ ಹಿಡಿತಕ್ಕೆ ಸಿಗುತ್ತದೆ. 2004ರಲ್ಲಿ ಆಸ್ಟ್ರೇಲಿಯಾದ ಅಡಿಲೇಡ್ ಕಡೆಯ ವೈದ್ಯರು ಇದನ್ನು ಮೊದಲು ಬರೆದಿಟ್ಟರು. ಅಲ್ಲೂ ರೋಗಿಗಳು ಬಚ್ಚಲು ಬಿಟ್ಟು ಬರುತ್ತಿರಲಿಲ್ಲ!

ನಿಮ್ಮ ಮಗ ಹೇಳಿದ್ದು ಪೂರ್ತಿ ಸುಳ್ಳಲ್ಲ. ಕ್ಯಾನ್ಸರ್ ಚಿಕಿತ್ಸೆಯಲ್ಲಿ ಬರುವ ವಾಂತಿಗೆ ಗಾಂಜಾದಲ್ಲಿರುವ ಅಂಶದ ಮಾತ್ರೆಯನ್ನೇ ಕೊಡುವುದುಂಟು. ಆದರೆ ದಿನಾ ಸೇದಿ ಸೇದಿ ಕೆಲವರ ಮೈಯಲ್ಲಿ ಅದು ತಿರುಗಿಬೀಳುತ್ತದೆ. ಅವನು ಔಷಧಿ ಅಂದುಕೊಂಡಿದ್ದೇ ಈಗ ಕಾಯಿಲೆ ಆಗಿರಬಹುದು.

ವಾಂತಿ ಶುರುವಾದಾಗ ಆಸ್ಪತ್ರೆಯಲ್ಲಿ ಗಾಂಜಾ ವಿಷಯ ಮುಚ್ಚಿಡಬೇಡಿ. ಮಾಮೂಲಿ ವಾಂತಿ ಇಂಜೆಕ್ಷನ್, ಆಂಡಾನ್ಸೆಟ್ರಾನ್, ಇದಕ್ಕೆ ಅಷ್ಟಾಗಿ ನಾಟುವುದಿಲ್ಲ. ಡ್ರಿಪ್ ಜೊತೆ ಹ್ಯಾಲೊಪೆರಿಡಾಲ್ ಎಂಬ ಔಷಧಿ ಕೊಟ್ಟರೆ ಕೆಲವರಿಗೆ ಬೇಗ ನಿಲ್ಲುತ್ತದೆ. ಹೊಟ್ಟೆಗೆ ಕ್ಯಾಪ್ಸೈಸಿನ್ ಕ್ರೀಮ್ ಹಚ್ಚುವುದೂ ಇದೆ, ಮೆಣಸಿನಕಾಯಿಯ ಖಾರದ್ದೇ ಅದು. ಹಾಗಂತ ಮನೆಯಲ್ಲಿ ಮೆಣಸಿನಕಾಯಿ ಅರೆದು ಬಳಿಯಬೇಡಿ, ಚರ್ಮ ಸುಟ್ಟೀತು. ನೋವಿಗೆ ಮಾರ್ಫಿನ್ ತರದ್ದು ಬೇಡ, ವಾಂತಿ ಇನ್ನೂ ಜಾಸ್ತಿಯಾಗುತ್ತದೆ.

ಮೂತ್ರ ಕಮ್ಮಿಯಾದರೆ, ವಾಂತಿಯಲ್ಲಿ ರಕ್ತ ಕಂಡರೆ, ಜ್ವರ ಬಂದರೆ, ಹೊಟ್ಟೆನೋವು ಬಿಡದಿದ್ದರೆ ತಕ್ಷಣ ಕರೆದೊಯ್ಯಿರಿ. ನೀರು, ಪೊಟ್ಯಾಷಿಯಂ ಇಳಿದು ಕಿಡ್ನಿಗೇ ಏಟು ಬೀಳಬಹುದು. ಬೇರೆ ಕಾಯಿಲೆಯೂ ಇರಬಹುದು, ಅಲ್ವಾ?

ವಾಂತಿ ಮರುಕಳಿಸದಿರಬೇಕಾದರೆ ಗಾಂಜಾ ಪೂರ್ತಿ ಬಿಡಬೇಕು. ಕಮ್ಮಿ ಮಾಡಿದರೆ ಸಾಲದು. ಅದು ಮೈಯ ಕೊಬ್ಬಿನಲ್ಲಿ ಕೂತಿರುತ್ತದೆ, ಪೂರ್ತಿ ಸರಿಹೋಗಲು ವಾರಗಳು, ತಿಂಗಳುಗಳೇ ಹಿಡಿಯಬಹುದು. ಬಿಟ್ಟು ಹದಿನೈದು ದಿನಕ್ಕೇ ಮತ್ತೆ ವಾಂತಿ ಬಂದರೆ ‘ನೋಡಿದ್ಯಾ, ಗಾಂಜಾದಿಂದ ಅಲ್ಲ’ ಅಂತಾನೆ. ನಂಬಬೇಡಿ. ನಿದ್ದೆ ಬಾರದೆ ಸಿಡುಕಿದರೆ ಬೈಯಬೇಡಿ, ಮನೋವೈದ್ಯರಿಗೆ ತೋರಿಸಿ. ವ್ಯಸನಮುಕ್ತಿ ಸಹಾಯವಾಣಿ 14446ಕ್ಕೆ ಫೋನ್ ಮಾಡಿ, ದುಡ್ಡು ಬೀಳುವುದಿಲ್ಲ.

ಅಲ್ಲಿಯವರೆಗೆ ಹಂಡೆ ನೀರನ್ನು ನೀವೇ ಹದ ನೋಡಿ ಕೊಡಿ, ಮೈ ಸುಟ್ಟುಕೊಂಡವರಿದ್ದಾರೆ. ತಲೆಸುತ್ತಿ ಬಿದ್ದಾನು, ಬಚ್ಚಲಿಗೆ ಚಿಲಕ ಹಾಕಿಕೊಳ್ಳಲು ಬಿಡಬೇಡಿ.