ಓವಲ್ ರೇಸಿಂಗಿಗೂ ರೋಡ್ ರೇಸಿಂಗಿಗೂ ಏನು ವ್ಯತ್ಯಾಸ? ಓವಲ್‌ನಲ್ಲಿ, ಅಂದರೆ ಮೊಟ್ಟೆಯಾಕಾರದ ಟ್ರ್ಯಾಕ್‌ನಲ್ಲಿ, ಬರೀ ಎಡಕ್ಕೆ ತಿರುಗಿಸಿದರೆ ಸಾಕಲ್ವಾ?

ನಾನೂ ಬಹಳ ವರ್ಷ ಹಾಗೇ ಅಂದುಕೊಂಡಿದ್ದೆ. ಫಾರ್ಮುಲಾ ಒನ್ ನೋಡಿಕೊಂಡು ಬೆಳೆದವನು ನಾನು. ಮೇ ಕೊನೆಯ ಭಾನುವಾರ ಸಂಜೆ ಮೊನಾಕೋ ರೇಸ್ ಮುಗಿಸಿ, ರಾತ್ರಿ ಅಮೆರಿಕದ ಇಂಡಿಯಾನಾಪೊಲಿಸ್ ಓವಲ್‌ನಲ್ಲಿ ನಡೆಯೋ ಇಂಡಿ 500 ರೇಸ್ ಹಾಕಿದರೆ ಅರ್ಧ ಗಂಟೆಯಲ್ಲಿ ನಿದ್ದೆ. ಗಾಣದ ಎತ್ತಿನ ಹಾಗೆ ಸುತ್ತೋದನ್ನ ಏನು ನೋಡೋದು ಅನ್ನಿಸುತ್ತಿತ್ತು.

2017ರಲ್ಲಿ ಫಾರ್ಮುಲಾ ಒನ್ ಡ್ರೈವರ್ ಫರ್ನಾಂಡೋ ಅಲೊನ್ಸೊ ಮೊನಾಕೋ ಬಿಟ್ಟು ಇಂಡಿಯಾನಾಪೊಲಿಸ್‌ಗೆ ಹೋದರು. ಅವರಿಗೋಸ್ಕರ ನಿದ್ದೆಗೆಟ್ಟು ಕೂತೆ. ಒಟ್ಟು 27 ಸುತ್ತುಗಳಲ್ಲಿ ಎಲ್ಲರಿಗಿಂತ ಮುಂದಿದ್ದರು, ಇನ್ನೇನು 20 ಚಿಲ್ಲರೆ ಸುತ್ತು ಬಾಕಿ ಇರುವಾಗ ಎಂಜಿನ್ ಕೈಕೊಟ್ಟಿತು. ಆದರೆ ಆ ರಾತ್ರಿ ಕಾರಿನೊಳಗಿನ ಕ್ಯಾಮೆರಾ ನೋಡುತ್ತಾ ನನ್ನ ತಲೆಯಲ್ಲಿದ್ದ ಲೆಕ್ಕ ತಲೆಕೆಳಗಾಯಿತು.

ರೋಡ್ ರೇಸಿಂಗ್ ನಿಮಗೆ ಗೊತ್ತೇ ಇರುತ್ತೆ. ಎಡ, ಬಲ, ಹೇರ್‌ಪಿನ್, ಮತ್ತೆ ನೇರ ದಾರಿ. ಅಲ್ಲಿ ಸಮಯ ಉಳಿಯೋದು ಹೆಚ್ಚಾಗಿ ಬ್ರೇಕ್‌ನಲ್ಲಿ: ಎಷ್ಟು ತಡವಾಗಿ ಒತ್ತುತ್ತೀರಿ, ಎಷ್ಟು ಬೇಗ ಬಿಡುತ್ತೀರಿ. ನಮ್ಮ ಚೆನ್ನೈ, ಕೊಯಮತ್ತೂರು ಟ್ರ್ಯಾಕ್‌ಗಳೆಲ್ಲ ಇದೇ ಜಾತಿ. ಕೊಯಮತ್ತೂರಿನದಕ್ಕೆ ಕರಿ ಮೋಟರ್ ಸ್ಪೀಡ್‌ವೇ ಅಂತ ಹೆಸರು, ಆದರೆ ಓವಲ್ ಅಲ್ಲ!

ಇಂಡಿಯಾನಾಪೊಲಿಸ್ ಓವಲ್ 4 ಕಿ.ಮೀ. ಸುತ್ತಳತೆ, 4 ತಿರುವು, 200 ಸುತ್ತು. ಅಂದರೆ 800 ಸಲ ಎಡಕ್ಕೆ. 2023ರ ಅರ್ಹತಾ ಸುತ್ತಿನಲ್ಲಿ ಅಲೆಕ್ಸ್ ಪಲೋ ಅನ್ನೋ ಡ್ರೈವರ್‌ನ ಸರಾಸರಿ ವೇಗ ಗಂಟೆಗೆ ಸುಮಾರು 377 ಕಿ.ಮೀ. ಇತ್ತು. ಗಮನಿಸಿ, ತಿರುವುಗಳೂ ಸೇರಿ. ಬ್ರೇಕ್‌ಗೆ ಕೆಲಸ ಬೀಳೋದು ಹೆಚ್ಚಾಗಿ ಟೈರ್, ಇಂಧನಕ್ಕೆ ಅಂತ ಪಿಟ್‌ಗೆ ಬರುವಾಗ.

ಹಾಗಾದರೆ ಕಷ್ಟ ಎಲ್ಲಿದೆ? ಅದೇ ತಿರುವು ಪ್ರತಿ ಸಲವೂ ಬೇರೆಯಾಗಿರುತ್ತೆ, ಅಲ್ಲಿದೆ. ಇಂಧನ ಖಾಲಿಯಾದಂತೆ ಕಾರು ಹಗುರ. ಟೈರ್ ಸವೆದಂತೆ ಹಿಡಿತ ಕಮ್ಮಿ. ಮೋಡ ಬಂದು ಬಿಸಿಲು ಹೋದರೂ ಡಾಂಬರಿನ ಹಿಡಿತ ಬದಲು. ಎಲ್ಲಕ್ಕಿಂತ ಜಾಸ್ತಿ ತೊಂದರೆ ಮುಂದಿನ ಕಾರಿನ ಗಾಳಿಯದು. ನೇರ ದಾರಿಯಲ್ಲಿ ಅದರ ಬೆನ್ನ ಹಿಂದೆ ಅಂಟಿಕೊಂಡರೆ ಗಾಳಿಯ ತಡೆ ತಗ್ಗಿ ವೇಗ ಪುಕ್ಕಟೆ ಸಿಗುತ್ತೆ. ಆದರೆ ತಿರುವಿಗೆ ಹೋದ ಕೂಡಲೇ ಮುಂದಿನ ರೆಕ್ಕೆಗೆ ಬೇಕಾದಷ್ಟು ಗಾಳಿ ಸಿಗಲ್ಲ, ಮೂತಿ ಗೋಡೆಯ ಕಡೆ ಜಾರುತ್ತೆ. ಹೊರಗೆ ಜಲ್ಲಿ ಇಲ್ಲ, ಹುಲ್ಲೂ ಇಲ್ಲ, ಗೋಡೆಯೇ. ಅಲೊನ್ಸೊ ಕೈ ನೋಡಿದರೆ ಸ್ಟೀರಿಂಗ್ ಅಲ್ಲಾಡುತ್ತಿಲ್ಲ ಅನ್ನಿಸುತ್ತಿತ್ತು, ಆದರೆ ಬೆರಳುಗಳಿಗೆ ಮಾತ್ರ ಪುರುಸೊತ್ತಿಲ್ಲ!

ಕಾರನ್ನೇ ಸೊಟ್ಟಗೆ ಕಟ್ಟಿರುತ್ತಾರೆ, ಗೊತ್ತಾ? ಬಲಗಡೆ ಟೈರ್ ಎಡಗಡೆಯದಕ್ಕಿಂತ ಒಂಚೂರು ದೊಡ್ಡದು. ಮನೆಯಲ್ಲಿ ತಳ ಚಿಕ್ಕದಾಗಿರೋ ಸ್ಟೀಲ್ ಲೋಟ ಇದ್ದರೆ ನೆಲದ ಮೇಲೆ ಮಲಗಿಸಿ ಉರುಳಿಸಿ. ನೆಟ್ಟಗೆ ಹೋಗಲ್ಲ, ತಳದ ಕಡೆಗೆ ಸುತ್ತಿಕೊಂಡು ಬರುತ್ತೆ. ಕಾರೂ ಅಷ್ಟೇ, ತಾನಾಗಿಯೇ ಎಡಕ್ಕೆ ಎಳೆಯುತ್ತೆ. ನೇರ ದಾರಿಯಲ್ಲಿ ನೇರ ಹೋಗಬೇಕಾದರೆ ಡ್ರೈವರ್ ಸ್ವಲ್ಪ ಬಲಕ್ಕೆ ಹಿಡಿದಿರಬೇಕು. ರೋಡ್ ರೇಸ್‌ಗೆ ಇಂಥ ಕಾರು ತಂದರೆ ಮೊದಲ ಬಲ ತಿರುವಿನಲ್ಲೇ ಪಜೀತಿ.

ಎರಡೂ ಲೋಕ ಒಂದೇ ಕಡೆ ಡಿಕ್ಕಿ ಹೊಡೆದಿದ್ದು 2005ರಲ್ಲಿ. ಅಮೆರಿಕನ್ ಗ್ರ್ಯಾನ್ ಪ್ರಿಗಾಗಿ ಇಂಡಿಯಾನಾಪೊಲಿಸ್‌ನ ಒಳಗೇ ಒಂದು ರೋಡ್ ಸರ್ಕ್ಯೂಟ್ ಮಾಡಿದ್ದರು. ಅದರ ಕೊನೆಯ ತಿರುವು ಅಂದರೆ ಓವಲ್‌ನ ಮೊದಲ ತಿರುವೇ, ಉಲ್ಟಾ ದಿಕ್ಕಿನಲ್ಲಿ. ಓವಲ್ ತಿರುವು ಓರೆಯಾಗಿರುವುದರಿಂದ ಕಾರು ನೆಲಕ್ಕೆ ಒತ್ತಿಕೊಳ್ಳುತ್ತೆ, ಟೈರ್ ಮೇಲಿನ ಭಾರ ತುಂಬಾ ಹೊತ್ತು ಇಳಿಯಲ್ಲ. ಶುಕ್ರವಾರದ ಅಭ್ಯಾಸದಲ್ಲಿ ಅಲ್ಲೇ ರಾಲ್ಫ್ ಶುಮಾಕರ್ ಕಾರಿನ ಮಿಷೆಲಿನ್ ಟೈರ್ ಹೋಗಿ ಗೋಡೆಗೆ ಬಡಿದರು. ಆ ತಿರುವಿನಲ್ಲಿ ಟೈರ್ ತಡೆಯಲ್ಲ ಅಂತ ಭಾನುವಾರ ಮಿಷೆಲಿನ್ ಟೈರ್‌ನ 14 ಕಾರುಗಳೂ ರೇಸಿಗೆ ಮುಂಚಿನ ಫಾರ್ಮೇಶನ್ ಸುತ್ತು ಮುಗಿಸಿ ಪಿಟ್‌ಗೆ ವಾಪಸ್. ಓಡಿದ್ದು ಬರೀ 6 ಕಾರು. ಅದರಲ್ಲಿ ನಮ್ಮ ನರೈನ್ ಕಾರ್ತಿಕೇಯನ್ ನಾಲ್ಕನೆಯವರಾಗಿ, ಫಾರ್ಮುಲಾ ಒನ್‌ನಲ್ಲಿ ಪಾಯಿಂಟ್ ಗಳಿಸಿದ ಮೊದಲ ಭಾರತೀಯ ಅನ್ನಿಸಿಕೊಂಡರು. ಮೂರು ವಾರ ಮುಂಚೆ ಅದೇ ತಿರುವಿನಲ್ಲಿ ಇಂಡಿ ಕಾರುಗಳು ಇದಕ್ಕಿಂತ ಎಷ್ಟೋ ಜೋರಾಗಿ ಹೋಗಿದ್ದವು.

ಮಳೆ ಬಂದರೆ ರೋಡ್ ರೇಸ್ ಮಳೆ ಟೈರ್ ಹಾಕಿಕೊಂಡು ನಡೆಯುತ್ತೆ, ಇಂಡಿ 500 ನಿಲ್ಲುತ್ತೆ.

ಹಾಗಂತ ಓವಲ್ ಎಲ್ಲಾ ಒಂದೇ ಅಲ್ಲ. ಅಮೆರಿಕದ ಇನ್ನೊಂದು ರೇಸಿಂಗ್ ಸರಣಿ ನಾಸ್ಕಾರ್‌ನ ಮಾರ್ಟಿನ್ಸ್‌ವಿಲ್ ಓವಲ್ ಒಂದು ಕಿ.ಮೀ.ಗೂ ಕಮ್ಮಿ, ಅಲ್ಲಿ ಬ್ರೇಕ್ ಡಿಸ್ಕ್ ಕೆಂಡದ ಹಾಗೆ ಕೆಂಪಾಗುತ್ತೆ. ಡೇಟೋನಾದಲ್ಲಿ ತಿರುವು 31 ಡಿಗ್ರಿ ಓರೆ, ಕಾರುಗಳು ಹಿಂಡಾಗಿ ಹೋಗುತ್ತವೆ.

ಯಾವುದು ಕಷ್ಟ ಅಂತ ಕೇಳಿದರೆ ನಾನು ಪಲೋ ಕಡೆ ಕೈ ತೋರಿಸುತ್ತೇನೆ. 2025ರ ಇಂಡಿ 500 ಗೆಲ್ಲೋ ಹೊತ್ತಿಗೆ ಅವರು ರೋಡ್, ಓವಲ್ ಎರಡೂ ಇರೋ ಇಂಡಿಕಾರ್ ಸರಣಿಯಲ್ಲಿ ಮೂರು ಸಲ ಚಾಂಪಿಯನ್ ಆಗಿದ್ದರು. ಆದರೂ ಓವಲ್‌ನಲ್ಲಿ ಅದು ಅವರ ಮೊದಲ ಗೆಲುವು.

ಪೂರ್ತಿ ನೋಡೋಕೆ ಬೇಜಾರಾದರೆ ಕೊನೆಯ 30 ಸುತ್ತು ನೋಡಿ ಸಾಕು. ಕಾರಿನೊಳಗಿನ ಕ್ಯಾಮೆರಾ ಸಿಕ್ಕರೆ ಅದರಲ್ಲೇ.