ಫೋನ್ ಎತ್ತದ ಇಪ್ಪತ್ತಮೂರು ಮಂದಿ

ಎಂ.ಎಸ್.ಡಬ್ಲ್ಯೂ. (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಕೊನೆಯ ಸೆಮಿಸ್ಟರಿನ ಹುಡುಗಿ. ಊರು ಯಾದಗಿರಿ ಜಿಲ್ಲೆ, ಓದು ಕಲಬುರಗಿಯಲ್ಲಿ. ಅವಳ ಗುರುತು ಇಷ್ಟೇ ಸಾಕು. ಉಳಿದ ವಿವರಗಳನ್ನು ಬದಲಿಸಿದ್ದೇನೆ. 2021ರ ಮೇ ತಿಂಗಳು. ಹಾಸ್ಟೆಲ್ ಮುಚ್ಚಿದ್ದರಿಂದ, ಓದಿನ ಭಾಗವಾದ ಕ್ಷೇತ್ರ ತರಬೇತಿ, ಅಂದರೆ ಬ್ಲಾಕ್ ಪ್ಲೇಸ್‌ಮೆಂಟ್ ಮನೆಯಿಂದಲೇ ಮುಗಿಸಬೇಕಿತ್ತು. ಹೋಮ್ ಐಸೋಲೇಷನ್‌ನಲ್ಲಿದ್ದ ಕೋವಿಡ್ ರೋಗಿಗಳಿಗೆ ದಿನಕ್ಕೆ 40 ಕರೆ ಮಾಡಿ, ಜ್ವರ, ಉಸಿರಾಟ, ಆಕ್ಸಿಮೀಟರಿನ ಅಂಕಿ ಕೇಳಿ ಬರೆದುಕೊಳ್ಳುವ ಕೆಲಸ. ಮನೆಯೊಳಗೆ ನೆಟ್‌ವರ್ಕ್ ಸಿಗದೆ ಮಾಳಿಗೆಯ ಮೇಲೆ, ನೀರಿನ ಟ್ಯಾಂಕಿನ ನೆರಳಿಗೆ ಕೂತು ಮಾಡುತ್ತಿದ್ದಳು.

ನಿದ್ದೆ ಬರುತ್ತಿಲ್ಲ ಎಂದು ಆಪ್ತಸಮಾಲೋಚಕಿಯಾದ ನನಗೆ ಫೋನ್ ಮಾಡಿದಳು. ಎದೆ ಹೊಡೆದುಕೊಳ್ಳುತ್ತದೆ, ತಲೆ ಸಿಡಿಯುತ್ತದೆ, ರೊಟ್ಟಿ ಗಂಟಲಲ್ಲಿ ಇಳಿಯುವುದಿಲ್ಲ. ಖಿನ್ನತೆ ಅಳೆಯುವ ಒಂಬತ್ತು ಪ್ರಶ್ನೆಗಳ ಪಿ.ಎಚ್.ಕ್ಯೂ.-9 ಪ್ರಶ್ನಾವಳಿಯಲ್ಲಿ 27ಕ್ಕೆ 14 ಬಂತು, ಅಂದರೆ ಮಧ್ಯಮ ಮಟ್ಟದ ಖಿನ್ನತೆ. ಸಾವಿನ ಯೋಚನೆ ಕುರಿತ ಒಂಬತ್ತನೆಯ ಪ್ರಶ್ನೆಗೆ ಸೊನ್ನೆ. ಆದರೂ ನೇರವಾಗಿ ಬಾಯಿಬಿಟ್ಟು ಕೇಳಿದೆ, ಮುಂದೆ ಮಾತಾಡಿದಾಗಲೆಲ್ಲ ಕೇಳಿದೆ. ಕೇಳಿದರೆ ಇಲ್ಲದ ಯೋಚನೆ ತಲೆಗೆ ಹೊಕ್ಕೀತು ಎಂದು ಎಷ್ಟೋ ಮಾರ್ಗದರ್ಶಕರು ಹಿಂಜರಿಯುತ್ತಾರೆ. ಆ ಹೆದರಿಕೆಗೆ ಆಧಾರವಿಲ್ಲ. ಕೇಳದೆ ಬಿಟ್ಟರೇ ಅಪಾಯ.

ಮೊದಲ ಎರಡು ಸಲ ದೇಹದ ಮಾತನ್ನೇ ಆಡಿದೆವು. ಮೇ ತಿಂಗಳಲ್ಲಿ ನಮ್ಮ ಕಡೆ ಬಿಸಿಲು 40 ಡಿಗ್ರಿ ದಾಟುತ್ತದೆ. ಅಂಥದರಲ್ಲಿ ಮಧ್ಯಾಹ್ನವೆಲ್ಲ ಮಾಳಿಗೆ ಮೇಲೆ, ನೀರು ಕಡಿಮೆ, ಊಟವಿಲ್ಲ, ಆರು ಕಪ್ ಚಹಾ. ಎದೆಬಡಿತದ ಒಂದು ಪಾಲು ಇದರದ್ದೇ. ಕರೆಗಳನ್ನು ಬೆಳಿಗ್ಗೆ 9ಕ್ಕೆ ಮೊದಲು ಮತ್ತು ಸಂಜೆ 5ರ ನಂತರಕ್ಕೆ ಬದಲಿಸಿದೆವು. ಮಧ್ಯಾಹ್ನ 2ರ ಮೇಲೆ ಚಹಾ ಬಂದ್. ರಾತ್ರಿ ಎಷ್ಟು ಹೊತ್ತಿಗೆ ಮಲಗಿದರೂ ಬೆಳಿಗ್ಗೆ 6ಕ್ಕೆ ಏಳುವುದು. ಸುಮಾರು 20 ನಿಮಿಷ ಕಳೆದರೂ ನಿದ್ದೆ ಹತ್ತದಿದ್ದರೆ ಹಾಸಿಗೆ ಬಿಟ್ಟು ಬೇರೆ ಕಡೆ ಕೂರುವುದು, ಫೋನ್ ಮುಟ್ಟದೆ. ತಲೆನೋವು ಇಳಿಯಿತು. ನಿದ್ದೆ ಮಾತ್ರ ಬರಲಿಲ್ಲ.

ಮೂರನೆಯ ಸಲ, ಕೆಲಸ ಮುಗಿದ ಮೇಲೆ ಕಾಗದಪತ್ರ ಎಲ್ಲಿಡುತ್ತೀ ಎಂದು ಕೇಳಿದೆ. ಫೀಲ್ಡ್‌ವರ್ಕ್ ವಿದ್ಯಾರ್ಥಿಗಳಿಗೆಲ್ಲ ಕೇಳುವ ಪ್ರಶ್ನೆ ಇದು. ರೋಗಿಗಳ ಹೆಸರು ಮನೆಯವರ ಕಣ್ಣಿಗೆ ಬೀಳಬಾರದು.

“ತಲೆದಿಂಬಿನ ಕೆಳಗ್ರಿ.”

“ಅಲ್ಲಿ ಯಾಕವಾ?”

“ಕೆಂಪು ಪೆನ್ನಿಲೆ ಸುತ್ತು ಹಾಕಿದ ಹೆಸರು ಅದಾವ್ರಿ ಅದರಾಗ. ಫೋನ್ ಎತ್ತಲಾರದವ್ರು. ಎತ್ತಲಿಲ್ಲಂದ್ರ ಅವ್ರು ಹೋಗ್ಯಾರಂತೇ ತಿಳ್ಕೋತೀನ್ರಿ ಮೇಡಂ. ಒಂದ್ ದಿನ ಮೊದಲೇ ಹಚ್ಚಿದ್ರ ಉಳೀತಿದ್ರೇನೋ.”

ಹೆಸರು ಓದಬೇಡ, ಎಣಿಸಿ ಹೇಳು ಅಂದೆ. ಇಪ್ಪತ್ತಮೂರು. ಅದರಲ್ಲಿ ತೀರಿಕೊಂಡದ್ದು ಖಾತ್ರಿಯಾಗಿ ಗೊತ್ತಿದ್ದವರು? ಹಾಳೆ ತಿರುವುವ ಸಪ್ಪಳ ಬಹಳ ಹೊತ್ತು ಕೇಳಿತು. “ಇಬ್ಬರ್ರಿ.”

ನಿಮ್ಮ ಮನೆಯ ಫೋನ್ ಎತ್ತದೆ ಇರುವುದು ಯಾವ್ಯಾವಾಗ ಎಂದು ಕೇಳಿದೆ. ಒಂದೊಂದಾಗಿ ಅವಳೇ ಹೇಳಿದಳು. ಫೋನ್ ಅಣ್ಣನ ಕಡೆ ಇರುತ್ತದೆ, ಅವನು ಹೊಲಕ್ಕೆ ಹೋಗಿರುತ್ತಾನೆ. ಕರೆಂಟ್ ಹೋದರೆ ಚಾರ್ಜ್ ಇರುವುದಿಲ್ಲ. ಗೊತ್ತಿಲ್ಲದ ನಂಬರಾದರೆ ಅಪ್ಪ ಎತ್ತುವುದೇ ಇಲ್ಲ. ಆಮೇಲೆ ದನಿ ತಗ್ಗಿಸಿ, “ಕರ್ಕೊಂಡ್ ಹೋಗ್ತಾರಂತ ಅಂಜಿನೂ ಎತ್ತಂಗಿಲ್ರಿ.” ಇದು ನಿಜ. ದೇಶದ ಮೊದಲ ಕೋವಿಡ್ ಸಾವು 2020ರ ಮಾರ್ಚ್‌ನಲ್ಲಿ ದಾಖಲಾದದ್ದು ಕಲಬುರಗಿಯಲ್ಲೇ. ಆಮೇಲೆ ಓಣಿಗಳು ಸೀಲ್‌ಡೌನ್ ಆದದ್ದನ್ನು, ಆಂಬುಲೆನ್ಸ್ ಬಂದು ನಿಂತದ್ದನ್ನು ಕಂಡ ಜನಕ್ಕೆ “ಜ್ವರ ಐತೇನ್ರಿ” ಎಂದು ಕೇಳುವ ಕರೆ ಬೇಡವಾದ ಕರೆ.

ಎಲ್ಲರೂ ಆರಾಮಿದ್ದಾರೆ, ಚಿಂತೆ ಬಿಡು ಎಂದು ನಾನು ಹೇಳಲಿಲ್ಲ. ಗೊತ್ತಿಲ್ಲದ್ದನ್ನು ಹೇಗೆ ಹೇಳಲಿ? ಒಬ್ಬರು ತೀರಿಹೋದ ಸುದ್ದಿ ಮರುದಿನ ಬಂದರೆ ನನ್ನ ಮಾತೂ ಸುಳ್ಳು, ಆಮೇಲೆ ಹೇಳುವುದೂ ಸುಳ್ಳಾಗುತ್ತದೆ. ಬದಲಿಗೆ, ಎತ್ತದ ನಂಬರನ್ನು ಸಂಜೆಗೆ ಯಾರಿಗೆ ಕೊಡುತ್ತೀ ಎಂದು ಕೇಳಿದೆ. ಯಾರಿಗೂ ಇಲ್ಲ. ಕೊಡಬೇಕೆಂದೇ ಯಾರೂ ಹೇಳಿರಲಿಲ್ಲ. ಕ್ಷೇತ್ರಕಾರ್ಯದ ಮಾರ್ಗದರ್ಶಕರು ಒಬ್ಬೊಬ್ಬ ವಿದ್ಯಾರ್ಥಿಯ ಜೊತೆ ವಾರಕ್ಕೊಮ್ಮೆ ಮಾತಾಡಬೇಕಾದ ಇಂಡಿವಿಜುವಲ್ ಕಾನ್ಫರೆನ್ಸ್ ನಡೆದು ಮೂರು ವಾರ ಆಗಿತ್ತು. ಅವಳು ಕಳಿಸಿದ ವರದಿಗಳಿಗೆ ವಾಟ್ಸ್ಆ್ಯಪ್‌ನಲ್ಲಿ ಒಂದು ಹೆಬ್ಬೆರಳಿನ ಗುರುತು. ಅವಳ ಸ್ಥಿತಿಯನ್ನು ನಾನು ಬರೀ ಕಾಯಿಲೆ ಎಂದು ಕರೆಯಲಾರೆ. ವ್ಯವಸ್ಥೆಯಲ್ಲಿ ಒಂದು ಕೊಂಡಿ ಇರಲಿಲ್ಲ, ಆ ಜಾಗದಲ್ಲಿ ಈ ಹುಡುಗಿ ನಿದ್ದೆಗೆಟ್ಟು ಕೂತಿದ್ದಳು.

ಆ ರಾತ್ರಿಯೇ ಮಾರ್ಗದರ್ಶಕರಿಗೆ ಅವಳ ಕೈಯಲ್ಲಿ ಪತ್ರ ಬರೆಸಿದೆ. ದಿನಕ್ಕೆ 15 ಕರೆ, ಐದೈದಕ್ಕೆ ಹತ್ತು ನಿಮಿಷ ಬಿಡುವು. ಎತ್ತದ ನಂಬರಿಗೆ ಎರಡೆರಡು ತಾಸು ಬಿಟ್ಟು ಒಟ್ಟು ಮೂರು ಪ್ರಯತ್ನ. ಆಮೇಲೆ ಅದೇ ದಿನ ಆ ಹೆಸರು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ, ಅಲ್ಲಿಂದ ಆಶಾ ಕಾರ್ಯಕರ್ತೆಗೆ. ಯಾರಿಗೆ ಒಪ್ಪಿಸಿದೆ, ಎಷ್ಟು ಗಂಟೆಗೆ ಎಂದು ನೋಟ್‌ಬುಕ್ಕಿನಲ್ಲಿ ಒಂದು ಕಲಂ. ನೋಟ್‌ಬುಕ್ ಟ್ರಂಕಿನಲ್ಲಿ, ಬೀಗ ಹಾಕಿ. ವಾರಕ್ಕೊಮ್ಮೆ ಅರ್ಧ ತಾಸು ಮಾರ್ಗದರ್ಶಕರ ಜೊತೆ ಮಾತು, ವರದಿಯದಲ್ಲ, ಕೇಳಿದ ಸಾವುಗಳದ್ದು. ತರಬೇತಿಯ ಉಳಿದ ತಾಸುಗಳಿಗೆ ಲಭ್ಯ ಅಂಕಿಅಂಶ ಆಧರಿಸಿದ ಅಧ್ಯಯನ: ಕ್ಷೇತ್ರ ಸಮೀಕ್ಷೆಯ ಬದಲು ಇಂಥ ಪ್ರಾಜೆಕ್ಟ್ ಕೊಡುವುದನ್ನು ಪರಿಗಣಿಸಬಹುದೆಂದು ಯು.ಜಿ.ಸಿ. (ವಿಶ್ವವಿದ್ಯಾಲಯ ಧನಸಹಾಯ ಆಯೋಗ) 2020ರ ಏಪ್ರಿಲ್ 29ರ ಮಾರ್ಗಸೂಚಿಯಲ್ಲೇ ಹೇಳಿತ್ತು. ಪತ್ರದಲ್ಲಿ “ನನಗೆ ಆಗುತ್ತಿಲ್ಲ” ಎಂಬ ಮಾತನ್ನು ಹೊಡೆದುಹಾಕಿಸಿದೆ. “ಈ ವ್ಯವಸ್ಥೆ ಬೇಕು” ಎಂದು ಬರೆಸಿದೆ.

ಜನ ಸಾಯುತ್ತಿದ್ದಾಗ ಕರೆ ಕಡಿಮೆ ಮಾಡಿಸಿದಿರಾ ಎಂದು ನನ್ನನ್ನು ಕೇಳಿದವರಿದ್ದಾರೆ. ಹೌದು. ಸಂಬಳವಿಲ್ಲದ, ತರಬೇತಿ ಮುಗಿಯದ ವಿದ್ಯಾರ್ಥಿನಿ ನೇಮಕವಾಗದ ಸಿಬ್ಬಂದಿಯ ಬದಲಿಯಲ್ಲ. ಒಪ್ಪಿಸಲು ಜಾಗವಿಲ್ಲದ 40 ಕರೆಗಿಂತ ಒಪ್ಪಿಸಿ ಮುಗಿಸಿದ 15 ಕರೆ ರೋಗಿಗೂ ಒಳ್ಳೆಯದು. ಪೂರ್ತಿ ಬಿಡಿಸಬೇಕಿತ್ತು ಎಂದವರೂ ಇದ್ದಾರೆ. ಬಿಟ್ಟಿದ್ದರೆ, ಎತ್ತದ ಫೋನು ಅಂದರೆ ಸಾವು ಎಂಬ ನಂಬಿಕೆ ಹಾಗೇ ಗಟ್ಟಿಯಾಗಿ ಉಳಿಯುತ್ತಿತ್ತು. ಅದನ್ನು ತಿದ್ದಲು ಉತ್ತರ ಬರಬೇಕಿತ್ತು. ಸಾಯುವ ಯೋಚನೆ ಇದ್ದಿದ್ದರೆ ಮಾತ್ರ ಇದ್ಯಾವುದೂ ಅಲ್ಲ: ಕೆಲಸ ಅಂದೇ ನಿಲ್ಲಿಸಿ, ಮನೆಯವರಿಗೆ ತಿಳಿಸಿ, ಮನೋವೈದ್ಯರ ಬಳಿ ಕಳಿಸುತ್ತಿದ್ದೆ. ಆಗ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ ಇರಲಿಲ್ಲ. 2022ರ ಅಕ್ಟೋಬರಿನಿಂದ ಇದೆ, 14416ಕ್ಕೆ ಯಾವ ಹೊತ್ತಿನಲ್ಲಾದರೂ ಹಚ್ಚಬಹುದು, ಕನ್ನಡದಲ್ಲೇ ಮಾತಾಡುತ್ತಾರೆ.

ಇಪ್ಪತ್ತಮೂರು ಹೆಸರಿನ ಪಟ್ಟಿ ಆರೋಗ್ಯ ಕೇಂದ್ರಕ್ಕೆ ವಿಚಾರಣೆಗೆ ಹೋಗುವ ಮೊದಲು ಇನ್ನೊಂದು ಏರ್ಪಾಟು ಮಾಡಿದೆವು. ಸುದ್ದಿ ಅವಳಿಗೆ ಮೆಸೇಜಿನಲ್ಲಿ ಬರಬಾರದು. ಮೊದಲು ಮಾರ್ಗದರ್ಶಕರಿಗೆ ಬರಲಿ. ಹಗಲಲ್ಲಿ, ಅವ್ವ ಪಕ್ಕದಲ್ಲಿ ಕೂತಿರುವಾಗ, ಅವರು ಅವಳಿಗೆ ಹೇಳಲಿ. ಐದು ದಿನಕ್ಕೆ ಉತ್ತರ ಬಂತು. ಹದಿನಾರು ಮಂದಿ ಮನೆಯಲ್ಲೇ ಇದ್ದರು. ಅವಳಿಗೆ ಮೊದಲೇ ಗೊತ್ತಿದ್ದ ಇಬ್ಬರಲ್ಲದೆ ಇನ್ನೊಬ್ಬರು ತೀರಿಕೊಂಡಿದ್ದರು, ಅದೂ ಅವಳ ಕೈಗೆ ಪಟ್ಟಿ ಬರುವ ಮೊದಲೇ. ನಾಲ್ವರ ಸುಳಿವು ಸಿಗಲಿಲ್ಲ.

ಆ ನಾಲ್ಕು ಹೆಸರಿನ ಮುಂದೆ ಏನು ಬರೆಯಲಿ ಎಂದು ಕೇಳಿದಳು. ಒಪ್ಪಿಸಿದ ತಾರೀಖು ಬರಿ ಅಂದೆ. ಬರೆದಳು. ಮುಂದಿನ ವಾರ ಪಿ.ಎಚ್.ಕ್ಯೂ. ಅಂಕ 14ರಿಂದ 9ಕ್ಕೆ ಇಳಿದಿತ್ತು, ರಾತ್ರಿ ಐದು ತಾಸು ನಿದ್ದೆ. ಕರೆಗಳ ನಡುವೆ ಒಮ್ಮೊಮ್ಮೆ ಅಳು ಬರುತ್ತದೆ ಎಂದಳು. ಬರಲಿ ಬಿಡು, ಹತ್ತು ನಿಮಿಷದ ಬಿಡುವು ಇರುವುದೇ ಅದಕ್ಕೆ ಅಂದೆ.