ದೇವರ ಚಿತ್ತ ಅಂತ ಹೇಳಿ ತಂಗಿಯ ಪಾಲು ತಡೆದು ಕೂತವರು

ಗುರುತು ಸಿಗದ ಹಾಗೆ ವಿವರ ಎಲ್ಲ ಬದಲಾಯಿಸಿದ್ದೇನೆ, ಅವರ ಒಪ್ಪಿಗೆ ತಗೊಂಡೇ ಬರೀತಿರುದು. ಕಾಸರಗೋಡಿನ ಬದಿಯಡ್ಕ ಕಡೆಯ ಅಡಿಕೆ ಕೃಷಿಕರು, ಐವತ್ತರ ಆಸುಪಾಸು, ಅಜ್ಜನ ಕಾಲದಿಂದಲೂ ಬಾಸೆಲ್ ಮಿಶನ್ (ಪ್ರೊಟೆಸ್ಟೆಂಟ್ ಕ್ರೈಸ್ತ) ಸಭೆಯ ಕುಟುಂಬ. ಹೆಂಡತಿಯೇ ಒತ್ತಾಯ ಮಾಡಿ ನನ್ನ ಹತ್ರ ಸಲಹೆಗೆ ಅಂತ ಕರ್ಕೊಂಡು ಬಂದದ್ದು. "ಇವರು ಯಾವುದಕ್ಕೂ ಹೂಂ ಇಲ್ಲ ಉಹೂಂ ಇಲ್ಲ ಟೀಚರೇ, ಕೇಳಿದ್ರೆ ದೇವರಿಗೆ ಒಪ್ಪಿಸಿದ್ದೇನೆ ಅಂತಾರೆ, ರಾತ್ರಿ ಮಾತ್ರ ನಿದ್ದೆ ಮಾಡುದಿಲ್ಲ" ಅಂದ್ರು.

ವಿಷಯ ಎಂತ ಅಂದ್ರೆ ಜಾಗದ ಪಾಲು. ಅಪ್ಪ ಉಯಿಲು ಬರೆಯದೆ ತೀರಿಹೋದ್ರು, ಅಮ್ಮ ಇದ್ದಾರೆ, ಮಕ್ಕಳು ಅಂತ ಇವರು ಮತ್ತೆ ಒಬ್ಬಳು ತಂಗಿ. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ ಪ್ರಕಾರ ಕ್ರೈಸ್ತರಲ್ಲಿ ವಿಧವೆಗೆ ಮೂರರಲ್ಲಿ ಒಂದು, ಉಳಿದದ್ದು ಮಕ್ಕಳಿಗೆ ಗಂಡು ಹೆಣ್ಣು ನೋಡದೆ ಸಮಪಾಲು, ಅಂದ್ರೆ ಇಲ್ಲಿ ಮೂವರಿಗೂ ಒಂದೊಂದು. ತಿರುವಾಂಕೂರಿನ ಕಡೆ ಹೆಣ್ಣುಮಕ್ಕಳಿಗೆ ಕಡಿಮೆ ಪಾಲು ಕೊಡುವ ಬೇರೆಯೇ ಕಾನೂನಿತ್ತು, ಸಮಪಾಲಿಗಾಗಿ ಮೇರಿ ರಾಯ್ ಅನ್ನುವ ಹೆಂಗಸು ಸುಪ್ರೀಂ ಕೋರ್ಟಿಗೆ ಹೋಗಿ 1986ರಲ್ಲಿ ಗೆಲ್ಬೇಕಾಯ್ತು, ನಮ್ಮ ಕಾಸರಗೋಡು 1956ರವರೆಗೆ ದಕ್ಷಿಣ ಕನ್ನಡದಲ್ಲೇ ಇದ್ದದ್ದರಿಂದ ಇಲ್ಲಿ ಆ ತಕರಾರೂ ಇಲ್ಲ. ಇವರಿಗೆ ಇದೆಲ್ಲ ಗೊತ್ತುಂಟು. ಆದ್ರೂ ತಂಗಿ ಕೇಳಿದಾಗೆಲ್ಲ "ದೇವರ ಚಿತ್ತ ಇದ್ದ ಹಾಗೆ ಆಗ್ಲಿ" ಅಂತ ಒಂದೇ ಮಾತು.

ನಾವು ಮಾತಾಡ್ತಾ ಇರುವಾಗ್ಲೇ ಅವರ ಫೋನು ಬಂತು, ನೋಡಿದ್ರು, ಮೇಜಿನ ಮೇಲೆ ಮಗುಚಿ ಹಾಕಿದ್ರು. ಯಾರು ಕೇಳಿದೆ. "ತಂಗಿ."

ನಾನು ಬೈಬಲ್ ಬಿಟ್ಟು ತೋಟದ ಸುದ್ದಿ ತೆಗ್ದೆ. ಈ ಸಲ ಅಡಿಕೆಗೆ ಕೊಳೆರೋಗದ ಮದ್ದು ಬಿಟ್ಟಾಯ್ತಾ? ಮಳೆ ಹಿಡಿಯುವ ಮೊದಲೇ ಆಯ್ತು, ನಲ್ವತ್ತು ದಿನ ಬಿಟ್ಟು ಇನ್ನೊಂದು ಸಲ ಬಿಡ್ಬೇಕು ಅಂದ್ರು, ಆ ಮದ್ದಿಗೆ ಹಾಕುವ ಮೈಲುತುತ್ತಿನ ರೇಟು ಕೂಡ ಹೇಳಿದ್ರು. ಕೊಳೆರೋಗವನ್ನು ದೇವರ ಚಿತ್ತಕ್ಕೆ ಬಿಡದವರು ತಂಗಿಯನ್ನು ಮಾತ್ರ ಯಾಕೆ ಬಿಟ್ರಿ ಅಂತ ಕೇಳಿದ್ದಕ್ಕೆ ಮೊದಲು ನಗು ಬಂತು, ಆಮೇಲೆ ತುಂಬ ಹೊತ್ತು ಸುಮ್ಮನಿದ್ರು.

"ನಂಗೆ ಕೊಡ್ಲಿಕ್ಕೆ ಮನಸ್ಸಿಲ್ಲ ಟೀಚರೇ." ಅಪ್ಪನನ್ನು ಆಸ್ಪತ್ರೆಗೆ ಓಡಾಡಿಸಿದ್ದು ನಾನು, ಪಂಪಿನ ಸಾಲ ಕಟ್ಟಿದ್ದು ನಾನು, ಅವಳಿಗೆ ಮದುವೆಯಲ್ಲಿ ಚಿನ್ನ ಹಾಕಿ ಕಳಿಸಿದ್ದೇವೆ, ಅಂತ ಒಂದೇ ಉಸಿರಿಗೆ ಎಲ್ಲ ಬಂತು.

ಇದನ್ನು ದೇವರ ಹತ್ರ ಹೇಳಿದ್ದೀರಾ ಕೇಳಿದೆ. ಇಲ್ಲ. ಶಿಲುಬೆಗೆ ಏರುವ ಹಿಂದಿನ ರಾತ್ರಿ ಗೆತ್ಸೆಮನೆ ತೋಟದಲ್ಲಿ ಯೇಸು ಸ್ವಾಮಿ "ನಿನ್ನ ಚಿತ್ತವೇ ಆಗಲಿ" ಅನ್ನುವ ಮೊದಲು ಈ ಪಾತ್ರೆ, ಅಂದ್ರೆ ಮುಂದಿದ್ದ ಸಂಕಟ, ನನ್ನಿಂದ ತೊಲಗಲಿ ಅಂತ ತನ್ನ ಮನಸ್ಸಿನಲ್ಲಿದ್ದದ್ದನ್ನು ಬಿಚ್ಚಿ ಹೇಳಿದ್ದಾನಲ್ವಾ, ಅದೂ ಮೂರು ಸಲ. ನಂಗೆ ಇಂಥದ್ದು ಬೇಕು ಅಂತ ಒಪ್ಪದೆ ಇದ್ರೆ ಬಿಟ್ಟುಕೊಡುದು ಎಂತದ್ದನ್ನು? ಇವರು ಒಪ್ಪಿಸಿದ್ದು ಜಾಗವನ್ನೂ ಅಲ್ಲ ಮನಸ್ಸನ್ನೂ ಅಲ್ಲ, ತೀರ್ಮಾನ ಮಾಡುವ ಕಷ್ಟವನ್ನು ಮಾತ್ರ.

ಸಲಹೆ ಕೊಟ್ಟದ್ದು ಇಷ್ಟು. ಬೆಳಿಗ್ಗೆ ಪ್ರಾರ್ಥನೆಯಲ್ಲಿ ಇಡೀ ಜೀವನ ಒಪ್ಪಿಸುದು ಸದ್ಯಕ್ಕೆ ಬೇಡ, ಇವತ್ತಿನ ಒಂದು ಕೆಲಸ ಒಪ್ಪಿಸಿ, ಮೊದಲನೇದು ತಂಗಿಯ ಫೋನು ಎತ್ತುದು. ಖರ್ಚು ಸಾಲ ಎಲ್ಲ ಕಾಗದದಲ್ಲಿ ಬರೆದು ಅವಳ ಎದುರು ಇಡಿ, ಅದು ಕೇಳುವ ಹಕ್ಕು ನಿಮಗುಂಟು, ದೇವರಿಗೆ ಶರಣಾಗುದು ಅಂದ್ರೆ ಲೆಕ್ಕ ಕೇಳ್ಬಾರ್ದು ಅಂತೇನಿಲ್ಲ. ಇನ್ನೊಂದು, ಮನೆಯಲ್ಲಿ "ಪ್ರಾರ್ಥನೆಯಲ್ಲಿ ನನಗೆ ತೋರಿಬಂತು" ಅನ್ನುದನ್ನು ಒಂದು ತಿಂಗಳು ನಿಲ್ಲಿಸಿ, "ನಂಗೆ ಹೀಗೆ ಅನಿಸ್ತದೆ" ಅನ್ನಿ, ಯಾಕಂದ್ರೆ ದೇವರ ಹೆಸರು ಬಂದ ಕೂಡ್ಲೆ ಹೆಂಡತಿ ಮಕ್ಕಳಿಗೆ ಎದುರು ಮಾತಾಡ್ಲಿಕ್ಕೆ ಜಾಗವೇ ಇಲ್ಲ. ಇದಕ್ಕೆ ಹೆಂಡತಿ ತಲೆ ಆಡಿಸಿದ್ದು ನೋಡ್ಬೇಕಿತ್ತು. (ಹೊಡೆತ ತಿಂದು ಬಂದ ಹೆಂಗಸರನ್ನು ದೇವರ ಚಿತ್ತ ಅಂತ ಹೇಳಿ ವಾಪಸ್ ಕಳಿಸುವ ಹಿರಿಯರೂ ಇದ್ದಾರೆ ಮಾರಾಯ್ರೇ, ಅದನ್ನು ನಾನು ಯಾವ ಕಾಲಕ್ಕೂ ಒಪ್ಪುದಿಲ್ಲ.)

ಈಗ ಅಣ್ಣ ತಂಗಿ ಮಾತಾಡ್ತಿದ್ದಾರೆ. ಜಾಗ ಅಳೆದಾಯ್ತು, ಆದ್ರೆ ಬಾವಿ ಇರುವ ಬದಿಯೇ ಬೇಕೂಂತ ತಂಗಿ ಹಟ ಹಿಡಿದಿದ್ದಾಳಂತೆ, ಇವರಿಗೆ ಪುನಃ ಸಿಟ್ಟು. ಮುಂದಿನ ಸಲ ಬರುವಾಗ ಅವಳನ್ನೂ ಕರ್ಕೊಂಡು ಬನ್ನಿ ಅಂದಿದ್ದೇನೆ.